ನೊರೆ ಬರದ ಕಲ್ಲು: ಡೊಲೊಮಿಯುವಿನ ಜೀವನ ಕಥೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿದರು. ಬಂದವರಲ್ಲಿ ಇಬ್ಬರು ನನ್ನ ಕೈಯಲ್ಲೇ ಕಲಿತವರು. 1986ರಿಂದ 1997ರವರೆಗೆ ಹನ್ನೊಂದು ವರ್ಷ ನಾನು ಇಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಶಾಲೆಯ ನೆನಪುಗಳನ್ನು ಬರೆಯುವವರು ಈ ಸಂಚಿಕೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನು ಒಬ್ಬ ವಿಜ್ಞಾನಿಯ ಜೀವನ ಕಥೆ ಬರೆಯುತ್ತೇನೆ ಎಂದೆ. ಇನ್ನೂರು ವರ್ಷಗಳ ಹಿಂದೆ ತೀರಿಕೊಂಡ ಫ್ರಾನ್ಸ್ ದೇಶದ ಡೊಲೊಮಿಯುಗೂ ನಮ್ಮೂರ ಸರಕಾರಿ ಪ್ರೌಢಶಾಲೆಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ಮಾಸ್ತರರ ಮಾತಿಗೆ ಎದುರಾಡಬಾರದೆಂದು ಸುಮ್ಮನಿದ್ದರೋ ಏನೋ. ಆದರೆ ಸಂಬಂಧ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಬಂದ ಎರಡನೆಯ ವರ್ಷ ಇರಬೇಕು. ಆಗಿನ್ನೂ ನಮ್ಮದು ವಿಜಾಪುರ ಜಿಲ್ಲೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ, ಹೊಲದಿಂದಲೋ ಹಳ್ಳದಿಂದಲೋ ಒಂದೊಂದು ಸುಣ್ಣದ ಕಲ್ಲು ತಂದು, ಅದರ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿ, ಕಂಡದ್ದನ್ನು ಬರೆಯಿರಿ ಎಂದು ಹೇಳಿದ್ದೆ. ಸುಣ್ಣದ ಕಲ್ಲಾದರೆ ಬುಸಬುಸನೆ ನೊರೆ ಬರಬೇಕು. ಎಲ್ಲರೂ ಹಾಗೇ ಬರೆದರು. ಒಬ್ಬ ಹುಡುಗ ಮಾತ್ರ ತನ್ನ ಕಲ್ಲಿಗೆ ನೊರೆ ಬರಲಿಲ್ಲ ಎಂದು ಬರೆದಿದ್ದ. ನೋಡಲು ಸುಣ್ಣದ ಕಲ್ಲಿನಂತೆಯೇ ಬೂದು ಬಣ್ಣದ, ನುಣುಪಾದ ಕಲ್ಲು. ಆಮ್ಲ ಸರಿಯಾಗಿ ಹಾಕಿಲ್ಲ ಎಂದು ನಾನು ಗದರಿದೆ. ಎರಡು ಸಲ ಹಾಕಿ ನೋಡಿದ್ದೇನೆ ಎಂದು ಅವನು ಮೆಲ್ಲಗೆ ಹೇಳಿದ. ನಾನು ಕಲ್ಲನ್ನು ಕೈಗೆತ್ತಿಕೊಳ್ಳಲಿಲ್ಲ. ಕೆಂಪು ಮಸಿಯಲ್ಲಿ ತಪ್ಪು ಗುರುತು ಹಾಕಿ, ನೊರೆ ಬರುತ್ತದೆ ಎಂದು ತಿದ್ದಿ ಬರೆಯಿಸಿದೆ. ಅವನು ತಲೆ ತಗ್ಗಿಸಿ ಬರೆದ.

ಆ ಕೆಂಪು ಗುರುತು ಯಾಕೆ ನನ್ನನ್ನು ಇಂದಿಗೂ ಕಾಡುತ್ತದೆ ಎಂಬುದು ಡೊಲೊಮಿಯುವಿನ ಕಥೆ ಕೇಳಿದರೆ ನಿಮಗೆ ತಿಳಿಯುತ್ತದೆ.

ಹುಟ್ಟು ಮತ್ತು ಒಂದು ಕೊಲೆ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳಿಗೆ ಹತ್ತಿರವಾಗಿ, ದೋಫಿನೆ ಎಂಬ ಸೀಮೆ ಇದೆ. ಅಲ್ಲಿನ ಡೊಲೊಮಿಯು ಎಂಬ ಊರಿನ ಜಮೀನುದಾರ ಮನೆತನದಲ್ಲಿ 1750ರ ಜೂನ್ 23ರಂದು ದಿಯೋದಾ ಹುಟ್ಟಿದ. ನಮ್ಮಲ್ಲಿ ಊರ ಹೆಸರೇ ಮನೆತನದ ಹೆಸರಾಗುವಂತೆ ಅವನಿಗೂ ಊರ ಹೆಸರೇ ಅಂಟಿಕೊಂಡಿತು. ಇನ್ನೂ ಕೂಸಾಗಿದ್ದಾಗಲೇ ಅವನನ್ನು ಮಾಲ್ಟಾದ ವೀರಯೋಧರ ಸಂಘಕ್ಕೆ ಸೇರಿಸಿದರು. ಮಾಲ್ಟಾ ಎಂಬುದು ಮೆಡಿಟರೇನಿಯನ್ ಸಮುದ್ರದ ನಡುವಿನ ಸಣ್ಣ ದ್ವೀಪ. ಈ ಸಂಘದವರು ಸನ್ಯಾಸಿಗಳಂತೆ ಮದುವೆಯಾಗದೆ ಇದ್ದು, ಸೈನಿಕರಂತೆ ಹಡಗಿನಲ್ಲಿ ಹೋರಾಡುವವರು. ಕೂಸಿಗೆ ಕೇಳದೆ ಮಾಡಿದ ಈ ನಿರ್ಧಾರ ಅವನ ಬದುಕಿನ ಕೊನೆಯವರೆಗೂ ಬೆನ್ನು ಬಿಡಲಿಲ್ಲ.

ಹದಿನೆಂಟನೆಯ ವಯಸ್ಸಿಗೆ ಸಂಘದ ಹಡಗಿನಲ್ಲಿ ಸೇವೆಯಲ್ಲಿದ್ದಾಗ ಜೊತೆಯವನೊಬ್ಬನೊಂದಿಗೆ ಜಗಳವಾಯಿತು. ಆ ಕಾಲದ ಕುಲೀನರ ರೂಢಿಯಂತೆ ಕತ್ತಿ ಹಿಡಿದು ದ್ವಂದ್ವಯುದ್ಧಕ್ಕೆ ಇಳಿದರು. ಎದುರಾಳಿ ಸತ್ತುಹೋದ. ಸಂಘದ ನ್ಯಾಯಾಲಯ ಡೊಲೊಮಿಯುಗೆ ಜೀವಾವಧಿ ಶಿಕ್ಷೆ ವಿಧಿಸಿತು. ರೋಮಿನ ಪೋಪರವರೆಗೆ ಮನವಿ ಹೋಗಿ, ದೊಡ್ಡವರು ಮಧ್ಯೆ ಬಂದು, ಕೆಲವು ತಿಂಗಳ ಸೆರೆವಾಸದ ನಂತರ ಬಿಡುಗಡೆಯಾಯಿತು. ಮಹಾಪುರುಷರ ಚರಿತ್ರೆ ಹೇಳುವಾಗ ಇಂಥ ಸಂಗತಿಯನ್ನು ಬಿಟ್ಟುಬಿಡುವುದು ನಮ್ಮ ವಾಡಿಕೆ. ನಾನು ಬಿಡುವುದಿಲ್ಲ. ಒಂದು ಕ್ಷಣದ ಸಿಟ್ಟಿನಲ್ಲಿ ಒಂದು ಜೀವ ಹೋಯಿತು. ಕೊಂದವನು ಮುಂದೆ ಎಷ್ಟು ದೊಡ್ಡವನಾದರೂ ಆ ಜೀವ ಹಿಂದಿರುಗಲಿಲ್ಲ.

ಕಲ್ಲಿನ ಹುಚ್ಚು

ಬಿಡುಗಡೆಯ ನಂತರ ಅವನು ಸೈನ್ಯದ ಅಧಿಕಾರಿಯಾಗಿ ಫ್ರಾನ್ಸಿನ ಮೆಟ್ಸ್ ಎಂಬ ಪಟ್ಟಣದಲ್ಲಿದ್ದ. ಅಲ್ಲಿ ತಿರಿಯೋನ್ ಎಂಬ ಔಷಧ ತಯಾರಕನಿಂದ ರಸಾಯನಶಾಸ್ತ್ರ ಕಲಿತ. ರೋಶ್‌ಫುಕೋ ಮನೆತನದ ಡ್ಯೂಕನ ಸ್ನೇಹವೂ ಆಯಿತು. ಈ ಡ್ಯೂಕ ವಿಜ್ಞಾನದಲ್ಲಿ ಬಹಳ ಆಸಕ್ತಿ ಇದ್ದ ದೊಡ್ಡ ಮನುಷ್ಯ. ಈ ಇಬ್ಬರ ಸಹವಾಸದಿಂದ ಡೊಲೊಮಿಯುಗೆ ಕಲ್ಲಿನ ಹುಚ್ಚು ಹಿಡಿಯಿತು. ಮುಂದೆ ಸುತ್ತಿಗೆ ಹಿಡಿದು, ಚೀಲ ಹೆಗಲಿಗೆ ಹಾಕಿಕೊಂಡು ಯುರೋಪಿನ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದ. ಇಟಲಿಯ ದಕ್ಷಿಣಕ್ಕಿರುವ ಲಿಪಾರಿ ದ್ವೀಪಗಳ ಜ್ವಾಲಾಮುಖಿಗಳನ್ನು ನೋಡಿ 1783ರಲ್ಲಿ ಪುಸ್ತಕ ಬರೆದ. ಅದೇ ವರ್ಷ ಇಟಲಿಯ ಕಲಾಬ್ರಿಯದಲ್ಲಿ ಭೀಕರ ಭೂಕಂಪವಾಗಿ ಊರೂರುಗಳೇ ನೆಲಸಮವಾದವು. ಅವನು ಆ ನಾಡಿನಲ್ಲಿ ಸುತ್ತಾಡಿ, ಯಾವ ನೆಲದ ಮೇಲಿನ ಮನೆ ಬಿತ್ತು, ಯಾವ ನೆಲದ ಮೇಲಿನದು ನಿಂತಿತು ಎಂಬುದನ್ನು ಗಮನಿಸಿ 1784ರಲ್ಲಿ ವರದಿ ಪ್ರಕಟಿಸಿದ.

ಆಗ ಭೂವಿಜ್ಞಾನ ಎಂಬ ಶಾಸ್ತ್ರ ಇನ್ನೂ ಕಣ್ಣು ಬಿಡುತ್ತಿತ್ತು. ಕಲ್ಲನ್ನು ಗುರುತಿಸಲು ಇದ್ದ ಸಾಧನಗಳು ಕೆಲವೇ: ಕಣ್ಣು, ಸುತ್ತಿಗೆ, ಊದುಗೊಳವೆ ಮತ್ತು ಒಂದು ಶೀಸೆ ಆಮ್ಲ. ನಮ್ಮ ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿದ್ದ ಸಾಮಾನಿಗಿಂತ ಅದೇನೂ ಹೆಚ್ಚಲ್ಲ.

ನೊರೆ ಬರದ ಸುಣ್ಣದ ಕಲ್ಲು

1789ರಲ್ಲಿ, ಪ್ಯಾರಿಸ್ಸಿನಲ್ಲಿ ಮಹಾಕ್ರಾಂತಿ ಶುರುವಾದ ವರ್ಷವೇ, ಡೊಲೊಮಿಯು ಆಲ್ಪ್ಸ್ ಪರ್ವತಗಳಲ್ಲಿ ಸುತ್ತುತ್ತಿದ್ದ. ಟೈರೋಲ್ ಸೀಮೆಯಲ್ಲಿ, ಈಗ ಉತ್ತರ ಇಟಲಿಗೆ ಸೇರಿದ ಆದಿಜೆ ನದಿಯ ಕಣಿವೆಯಲ್ಲಿ, ಅವನಿಗೆ ಒಂದು ಕಲ್ಲು ಸಿಕ್ಕಿತು. ಬಣ್ಣ, ಹೊಳಪು, ಕಣಗಳ ರೀತಿ ಎಲ್ಲವೂ ಸುಣ್ಣದ ಕಲ್ಲಿನದೇ. ಆಮ್ಲ ಹಾಕಿದರೆ ಮಾತ್ರ ನೊರೆ ಇಲ್ಲ. ತುಂಬ ಹೊತ್ತು ಕಾದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದು ಕಲ್ಲು ನಿಧಾನವಾಗಿ ಕರಗುತ್ತಿತ್ತು. ಕತ್ತಲೆಯಲ್ಲಿ ಒಂದಕ್ಕೊಂದು ಬಡಿದರೆ ಕೆಲವು ಕಲ್ಲುಗಳು ಮಂದ ಬೆಳಕು ಬೀರುತ್ತಿದ್ದವು. ರೋಮಿನ ಪುರಾತನ ಕಟ್ಟಡಗಳ ಅಮೃತಶಿಲೆಯಲ್ಲೂ ಇಂಥ ನೊರೆ ಬರದ ಕಲ್ಲನ್ನು ಅವನು ಕಂಡಿದ್ದ.

ಕಣಿವೆಯ ಜನ ತಲೆತಲಾಂತರದಿಂದ ಈ ಕಲ್ಲನ್ನು ನೋಡುತ್ತಲೇ ಬಂದಿದ್ದರು. ಅವನಿಗಿಂತ ಮೊದಲು ಇಟಲಿಯ ಅರ್ದುಯಿನೋ ಎಂಬ ವಿದ್ವಾಂಸನೂ ಇಂಥ ಕಲ್ಲಿನ ಬಗ್ಗೆ ಬರೆದಿದ್ದ. ಆದರೆ ಡೊಲೊಮಿಯು ಈ ಹಟಮಾರಿ ಕಲ್ಲನ್ನು ಸುಮ್ಮನೆ ಬಿಡಲಿಲ್ಲ. ಆಮ್ಲ ಕೆಟ್ಟಿರಬೇಕು ಎಂದು ಶೀಸೆಯನ್ನು ದೂರಲಿಲ್ಲ. ಬೇರೆ ಬೇರೆ ಕಡೆಯ ತುಂಡುಗಳನ್ನು ಪರೀಕ್ಷಿಸಿ, ಆಮ್ಲದಲ್ಲಿ ನೊರೆ ತೀರ ಕಡಿಮೆ ಬರುವ ಒಂದು ಜಾತಿಯ ಸುಣ್ಣದ ಕಲ್ಲು ಇದೆ ಎಂದು 1791ರಲ್ಲಿ ಫ್ರಾನ್ಸಿನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ. ಯಾಕೆ ಹೀಗೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ, ಅಷ್ಟೆ.

ತುಂಡುಗಳನ್ನು ಜಿನೀವಾ ನಗರದ ನಿಕೋಲಾ ತಿಯೋಡೋರ್ ದ ಸೊಸ್ಯೂರ್ ಎಂಬ ಯುವಕನಿಗೆ ಪರೀಕ್ಷೆಗೆ ಕಳಿಸಿದ. ಸೊಸ್ಯೂರನಿಗೆ ಆಗ ಇಪ್ಪತ್ತೈದರ ಆಸುಪಾಸು. ಗಿಡಗಳು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಬೆಳೆಯುವ ಬಗೆಯನ್ನು ಮುಂದೆ ಲೆಕ್ಕ ಹಾಕಿ ತೋರಿಸಿದವನು ಇವನೇ. ಸೊಸ್ಯೂರ್ ಆ ಕಲ್ಲನ್ನು ಪರೀಕ್ಷಿಸಿ, 1792ರಲ್ಲಿ, ಕಳಿಸಿದವನ ಹೆಸರನ್ನೇ ಅದಕ್ಕೆ ಇಟ್ಟ. ಹೀಗೆ ಬಂದದ್ದು ಡೋಲೊಮೈಟ್ ಎಂಬ ಹೆಸರು. ಅದರಲ್ಲಿ ಮೆಗ್ನೀಷಿಯಂ ಪಾಲು ಎಷ್ಟು ದೊಡ್ಡದು ಎಂಬುದು ಆಮೇಲಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಡೋಲೊಮೈಟಿನಲ್ಲಿ ಕ್ಯಾಲ್ಸಿಯಂ ಒಂದು ಪದರ, ಮೆಗ್ನೀಷಿಯಂ ಒಂದು ಪದರ, ಹೀಗೆ ಸಮಸಮವಾಗಿ ಜೋಡಿಕೊಂಡಿರುತ್ತವೆ. ಈ ಜೋಡಣೆ ಬಿಗಿಯಾದ್ದರಿಂದ ತಣ್ಣನೆಯ ಸಾರರಿಕ್ತ ಆಮ್ಲ ಅದನ್ನು ಬೇಗ ಬಿಡಿಸಲಾರದು. ಕಲ್ಲನ್ನು ಕುಟ್ಟಿ ಪುಡಿ ಮಾಡಿದರೆ, ಇಲ್ಲವೆ ಆಮ್ಲವನ್ನು ಬಿಸಿ ಮಾಡಿದರೆ, ಆಗ ನೊರೆ ಬರುತ್ತದೆ.

ಸಮುದ್ರದಲ್ಲಿ ಹುಟ್ಟಿದ ಬೆಟ್ಟಗಳು

ಆ ಕಲ್ಲಿನಿಂದಾದ ಬೆಟ್ಟಗಳ ಸಾಲು ಇಂದು ಡೊಲೊಮೈಟ್ಸ್ ಎಂದು ಜಗತ್ಪ್ರಸಿದ್ಧ. ಮೊದಲು ಅವುಗಳನ್ನು ಬಿಳಿಚಿದ ಬೆಟ್ಟಗಳು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಬೂದು ಮಿಶ್ರಿತ ಬಿಳಿ ಬಂಡೆಗಳು ಗೋಡೆಯಂತೆ, ಗೋಪುರದಂತೆ ನೆಟ್ಟಗೆ ನಿಂತಿವೆ. ಬೆಳಗ್ಗೆ ಮತ್ತು ಸಂಜೆ ಸೂರ್ಯನ ಓರೆ ಬಿಸಿಲಿಗೆ ಇಡೀ ಬೆಟ್ಟವೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 2009ರಲ್ಲಿ ಯುನೆಸ್ಕೋ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಒಂದು ತಮಾಷೆಯೂ ಇದೆ. ಈ ಸಾಲಿನ ಅತಿ ಎತ್ತರದ ಬೆಟ್ಟ ಮರ್ಮೊಲಾದ, 3,343 ಮೀಟರ್. ಆದರೆ ಅದರ ಬಹುಪಾಲು ಡೋಲೊಮೈಟ್ ಅಲ್ಲ, ಸಾದಾ ಸುಣ್ಣದ ಕಲ್ಲು!

ಈ ಕಲ್ಲುಗಳಲ್ಲಿ ಹೆಚ್ಚಿನವು ಟ್ರಯಾಸಿಕ್ ಕಾಲದವು. ಟ್ರಯಾಸಿಕ್ ಎಂದರೆ ಇಂದಿಗೆ ಸುಮಾರು 25 ಕೋಟಿ ವರ್ಷಗಳಿಂದ 20 ಕೋಟಿ ವರ್ಷಗಳ ಹಿಂದಿನ ಅವಧಿ. ಆಗ ಅಲ್ಲಿ ಬೆಟ್ಟ ಇರಲಿಲ್ಲ. ಟೆಥಿಸ್ ಎಂಬ ಬೆಚ್ಚಗಿನ ಸಮುದ್ರದ ಅಂಚು ಅದು. ಆಳವಿಲ್ಲದ ನೀರಿನಲ್ಲಿ ಹವಳ, ಸ್ಪಂಜು, ಪಾಚಿ ಮತ್ತು ಸೂಕ್ಷ್ಮಜೀವಿಗಳು ಸುಣ್ಣವನ್ನು ಕೂಡಿಸುತ್ತ ದಿಬ್ಬಗಳನ್ನು ಕಟ್ಟಿದವು. ಸಮುದ್ರದ ತಳ ನಿಧಾನವಾಗಿ ಕುಸಿಯುತ್ತಿತ್ತು, ಅದರ ಮೇಲೆ ಹೊಸ ಪದರ ಬೆಳೆಯುತ್ತಿತ್ತು. ಹೀಗೆ ನೂರಾರು ಮೀಟರ್ ದಪ್ಪದ ರಾಶಿಗಳಾದವು. ಟ್ರಯಾಸಿಕ್ ಕಾಲದ ಕೊನೆಯ ಭಾಗದಲ್ಲಿ ಆ ಪ್ರದೇಶ ಉಬ್ಬರ ಬಂದಾಗ ಮುಳುಗಿ ಇಳಿತವಾದಾಗ ಒಣಗುವ ವಿಶಾಲ ಬಯಲಾಗಿತ್ತು. ಆಗಿನ ಪದರಗಳು ಒಂದರ ಮೇಲೊಂದು ಫರಸಿ ಪೇರಿಸಿಟ್ಟಂತೆ ಇಂದೂ ಕಾಣುತ್ತವೆ. ತ್ರೆ ಚಿಮೆ ಎಂಬ ಪ್ರಸಿದ್ಧ ಮೂರು ಶಿಖರಗಳು ಇಂಥ ಪದರಗಳಿಂದಲೇ ಆದವು. ಸಮುದ್ರದ ನೀರಿನಲ್ಲಿದ್ದ ಮೆಗ್ನೀಷಿಯಂ ಸುಣ್ಣದ ಕೆಸರಿನೊಳಗೆ ಸೇರಿ ಅದು ಡೋಲೊಮೈಟ್ ಆಯಿತು. ಬಹಳ ಕಾಲದ ನಂತರ ಆಫ್ರಿಕದ ಕಡೆಯ ಭೂಖಂಡವೂ ಯುರೋಪೂ ಒಂದನ್ನೊಂದು ಒತ್ತಿ, ಸಮುದ್ರದ ತಳವೇ ಬೆಟ್ಟವಾಗಿ ಮೇಲೆದ್ದಿತು. ಅದೇ ಟೆಥಿಸ್ ಸಮುದ್ರ ಪೂರ್ವದಲ್ಲಿ ಮುಚ್ಚಿಹೋಗಿ ನಮ್ಮ ಹಿಮಾಲಯ ಎದ್ದಿದೆ. ಡೊಲೊಮೈಟ್ಸ್ ಬೆಟ್ಟಗಳು ಹಳೆಯ ಹವಳದ ದಿಬ್ಬಗಳು ಎಂಬುದನ್ನು 1860ರಲ್ಲಿ ರಿಕ್ಟೋಫೆನ್ ಎಂಬ ಜರ್ಮನ್ ಭೂವಿಜ್ಞಾನಿ ವಿವರಿಸಿದ. ಅಷ್ಟು ಹೊತ್ತಿಗೆ ಡೊಲೊಮಿಯು ತೀರಿಕೊಂಡು ಅರ್ಧ ಶತಮಾನ ದಾಟಿತ್ತು.

ಕತ್ತಲ ಕೋಣೆ

ಕಲ್ಲಿಗೆ ಹೆಸರು ಬಂದ ವರ್ಷವೇ ಅವನ ಬದುಕು ಮುರಿಯಿತು. ಕ್ರಾಂತಿಯನ್ನು ಮೊದಲು ಅವನು ಸ್ವಾಗತಿಸಿದ್ದ. 1792ರ ಸೆಪ್ಟೆಂಬರಿನಲ್ಲಿ ಅವನ ಆಪ್ತ ಮಿತ್ರ ಡ್ಯೂಕನನ್ನು ಗುಂಪೊಂದು ಹಾಡಹಗಲೇ ಕೊಂದಿತು. ಡೊಲೊಮಿಯು ಜೊತೆಯಲ್ಲೇ ಇದ್ದ, ಉಳಿಸಿಕೊಳ್ಳಲು ಆಗಲಿಲ್ಲ. ಆಸ್ತಿ ಹೋಯಿತು, ಬಂಧುಮಿತ್ರರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಬಿರುಗಾಳಿ ಸ್ವಲ್ಪ ತಣ್ಣಗಾದ ಮೇಲೆ ಪ್ಯಾರಿಸ್ಸಿನ ಗಣಿ ವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ.

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೊರಟಾಗ ಜೊತೆಗೆ ಕರೆದೊಯ್ದ ವಿದ್ವಾಂಸರಲ್ಲಿ ಡೊಲೊಮಿಯುವೂ ಒಬ್ಬ. ದಾರಿಯಲ್ಲಿ ಮಾಲ್ಟಾ ಸಿಕ್ಕಿತು. ಅಲ್ಲಿನ ತನ್ನ ಹಳೆಯ ಸಂಘದವರೊಂದಿಗೆ ಶರಣಾಗತಿಯ ಮಾತುಕತೆಗೆ ಹೋಗಬೇಕೆಂದು ಅವನಿಗೆ ಅಪ್ಪಣೆಯಾಯಿತು. ಹೋದ. ದ್ವೀಪ ಫ್ರೆಂಚರ ವಶವಾಯಿತು. ಸಂಘದವರ ಕಣ್ಣಿಗೆ ಅವನು ಮನೆಮುರುಕನಾದ.

ಈಜಿಪ್ಟಿನಲ್ಲಿ ಆರೋಗ್ಯ ಕೆಟ್ಟಿತು. 1799ರ ಮಾರ್ಚಿನಲ್ಲಿ ಹಡಗು ಹತ್ತಿ ಊರಿಗೆ ಹೊರಟ. ಬಿರುಗಾಳಿಗೆ ಸಿಕ್ಕಿ ಹಡಗಿನೊಳಗೆ ನೀರು ನುಗ್ಗಿತು. ದಕ್ಷಿಣ ಇಟಲಿಯ ತಾರಾಂತೊ ಬಂದರಿಗೆ ಹೇಗೋ ತಲುಪಿದರು. ಅಲ್ಲಿ ಆಗ ಫ್ರೆಂಚರ ವಿರುದ್ಧ ದಂಗೆ ಎದ್ದಿತ್ತು. ಹಡಗಿನಲ್ಲಿದ್ದವರನ್ನೆಲ್ಲ ಸೆರೆ ಹಿಡಿದರು. ಮಾಲ್ಟಾದ ದ್ರೋಹಿ ಈತ ಎಂದು ಗುರುತಿಸಿ, ಡೊಲೊಮಿಯುವನ್ನು ಸಿಸಿಲಿ ದ್ವೀಪದ ಮೆಸ್ಸೀನಾಕ್ಕೆ ಸಾಗಿಸಿ ಒಂಟಿ ಕೋಣೆಯಲ್ಲಿ ಕೂಡಿದರು. ಅಲ್ಲಿ ಇಪ್ಪತ್ತೊಂದು ತಿಂಗಳು.

ನಾನು ಈ ಕಥೆಯನ್ನು ಹೇಳುವಾಗ ಪ್ರತಿ ಸಲ ಇಲ್ಲಿ ನಿಲ್ಲುತ್ತೇನೆ. ಬದುಕಿಡೀ ಬಯಲಲ್ಲಿ ನಡೆದವನಿಗೆ ನಾಲ್ಕು ಹೆಜ್ಜೆಯ ಕೋಣೆ. ಕಾಗದ ಇಲ್ಲ, ಲೇಖನಿ ಇಲ್ಲ. ಹತ್ತಿರ ಉಳಿದಿದ್ದ ಪುಸ್ತಕದ ಅಂಚಿನ ಖಾಲಿ ಜಾಗವೇ ಅವನಿಗೆ ಕಾಗದವಾಯಿತು. ದೀಪದ ಕಾಡಿಗೆಗೆ ನೀರು ಕಲಸಿ ಮಸಿ ಮಾಡಿಕೊಂಡ. ಕಟ್ಟಿಗೆಯ ಸಿಬಿರನ್ನೇ ಲೇಖನಿ ಮಾಡಿಕೊಂಡ. ಹಾಗೆ ಬರೆದದ್ದು ದೂರು ಅಲ್ಲ, ಆತ್ಮಕಥೆಯೂ ಅಲ್ಲ. ಖನಿಜದ ಒಂದು ಜಾತಿ ಎಂದರೆ ಏನು, ಅದನ್ನು ಇನ್ನೊಂದು ಜಾತಿಯಿಂದ ಬೇರೆ ಎಂದು ಹೇಗೆ ಹೇಳಬೇಕು ಎಂಬ ಶಾಸ್ತ್ರ ವಿಚಾರ. ಹೊರಗಿನ ಬಣ್ಣ, ಹೊಳಪುಗಳನ್ನು ನಂಬದೆ, ಒಳಗೆ ಏನೇನು ಸೇರಿದೆ, ಅದರ ಅತಿ ಸಣ್ಣ ಕಣದ ಆಕಾರ ಏನು ಎಂಬುದರಿಂದ ಖನಿಜವನ್ನು ಗುರುತಿಸಬೇಕು ಎಂಬುದು ಅದರ ಸಾರ. ಸುಣ್ಣದ ಕಲ್ಲಿನಂತೆ ಕಾಣುತ್ತ ಸುಣ್ಣದ ಕಲ್ಲಲ್ಲದ ಕಲ್ಲನ್ನು ಕಂಡವನು ಅವನು. ಈ ವಿಚಾರ ಅವನಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಹೊರಗೆ ಅವನ ಬಿಡುಗಡೆಗೆ ಯುರೋಪಿನ ವಿದ್ವಾಂಸರು ಪ್ರಯತ್ನಿಸುತ್ತಿದ್ದರು. ಆಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಘೋರ ಯುದ್ಧ. ಆದರೂ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಶತ್ರು ದೇಶದ ಈ ವಿಜ್ಞಾನಿಗಾಗಿ ಪ್ರಯತ್ನಿಸಿದ. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕ ಸ್ಥಾನ ತೆರವಾದಾಗ, ಸೆರೆಯಲ್ಲಿದ್ದ ಡೊಲೊಮಿಯುವನ್ನೇ ಅದಕ್ಕೆ ಆರಿಸಿದರು. ಕೊನೆಗೆ ನೆಪೋಲಿಯನ್ ಇಟಲಿಯಲ್ಲಿ ಗೆದ್ದ ಮೇಲೆ, 1801ರ ಮಾರ್ಚಿನಲ್ಲಿ ನೇಪಲ್ಸ್ ರಾಜ್ಯದೊಂದಿಗೆ ಆದ ಸಂಧಿಯ ಕಾಲಕ್ಕೆ ಅವನನ್ನು ಬಿಟ್ಟರು.

ಪ್ಯಾರಿಸ್ಸಿಗೆ ಬಂದವನೇ ಪಾಠ ಶುರು ಮಾಡಿದ. ಸೆರೆಯಲ್ಲಿ ಬರೆದ ವಿಚಾರ ಅದೇ ವರ್ಷ ಪುಸ್ತಕವಾಯಿತು. ಬೇಸಿಗೆ ಬಂದ ಕೂಡಲೆ ಮತ್ತೆ ಆಲ್ಪ್ಸ್ ಕಡೆ ಹೊರಟ. ಆದರೆ ಸೆರೆಮನೆ ಅವನ ದೇಹವನ್ನು ತಿಂದುಹಾಕಿತ್ತು. ಅದೇ 1801ರ ನವೆಂಬರಿನಲ್ಲಿ, ಫ್ರಾನ್ಸಿನ ಶಾತೋನೆಫ್ ಎಂಬಲ್ಲಿ ಸೋದರಿಯ ಮನೆಯಲ್ಲಿ, ಐವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಬೆಟ್ಟಗಳಿಗೆ ತನ್ನ ಹೆಸರು ಬಂದದ್ದನ್ನು ಅವನು ಕಾಣಲಿಲ್ಲ. ಅದು ಮುಂದಿನ ತಲೆಮಾರುಗಳಲ್ಲಿ ಆದದ್ದು.

ನಮ್ಮ ಹಳ್ಳದ ಕಲ್ಲು

ಈಗ ನಮ್ಮೂರಿಗೆ ಬರುತ್ತೇನೆ. ಆ ಘಟನೆಯಾಗಿ ನಾಲ್ಕೈದು ವರ್ಷಗಳ ನಂತರ ಶಿಕ್ಷಕರ ತರಬೇತಿಯೊಂದರಲ್ಲಿ ಕಾಲೇಜಿನ ಭೂವಿಜ್ಞಾನ ಅಧ್ಯಾಪಕರೊಬ್ಬರು ಉಪನ್ಯಾಸ ಕೊಟ್ಟರು. ನಮ್ಮ ಬಾಗಲಕೋಟೆ, ಲೋಕಾಪುರ ಸೀಮೆಯ ಕಲಾದಗಿ ಶಿಲಾವರ್ಗದಲ್ಲಿ ಸುಣ್ಣದ ಕಲ್ಲಿನ ಜೊತೆಗೆ ಡೋಲೊಮೈಟ್ ಕೂಡ ಇದೆ, ಚಿತ್ರಭಾನುಕೋಟದ ಹೆಸರಿನಲ್ಲೇ ಒಂದು ಡೋಲೊಮೈಟ್ ಶಿಲಾಸ್ತರ ಇದೆ ಎಂದರು. ಇವು ಆಲ್ಪ್ಸ್ ಪರ್ವತದ ಕಲ್ಲುಗಳಿಗಿಂತ ಎಷ್ಟೋ ಹಳೆಯವು, ನೂರು ಕೋಟಿ ವರ್ಷಗಳಿಗೂ ಹಿಂದಿನವು. ಉಕ್ಕಿನ ಕಾರ್ಖಾನೆಗಳಿಗೆ ಡೋಲೊಮೈಟ್ ಬೇಕಾಗುತ್ತದೆ ಎಂಬುದೂ ಆಗಲೇ ತಿಳಿದದ್ದು. ಉಪನ್ಯಾಸದ ನಡುವೆಯೇ ನನಗೆ ಆ ಹುಡುಗನ ಬೂದು ಕಲ್ಲು ನೆನಪಾಯಿತು. ಕೂತಲ್ಲೇ ಬೆವರಿದೆ.

ಮರುದಿನ ಹಳ್ಳಕ್ಕೆ ಹೋಗಿ ಅಂಥದೇ ಕಲ್ಲು ಆರಿಸಿ ತಂದೆ. ಆಮ್ಲ ಹಾಕಿದೆ. ನೊರೆ ಬರಲಿಲ್ಲ. ಒಂದು ತುಂಡನ್ನು ಕುಟ್ಟಿ ಪುಡಿ ಮಾಡಿ ಅದರ ಮೇಲೆ ಹಾಕಿದೆ. ಸಣ್ಣಗೆ ಗುಳ್ಳೆಗಳೆದ್ದವು. ಹುಡುಗ ಬರೆದದ್ದು ಸರಿಯಾಗಿತ್ತು. ಅಷ್ಟು ಹೊತ್ತಿಗೆ ಅವನು ಶಾಲೆ ಬಿಟ್ಟು ಹೋಗಿದ್ದ. ಡೊಲೊಮಿಯುವಿನ ಜೀವನ ಓದಲು ನಾನು ಶುರು ಮಾಡಿದ್ದು ಅಲ್ಲಿಂದ.

ಅಂದಿನಿಂದ ಪ್ರಯೋಗದ ವಹಿ ತಿದ್ದುವಾಗ ಒಂದು ನಿಯಮ ಇಟ್ಟುಕೊಂಡೆ. ಮಗು ಬರೆದದ್ದು ಪುಸ್ತಕಕ್ಕೆ ಹೊಂದದಿದ್ದರೆ, ತಪ್ಪು ಗುರುತು ಹಾಕುವ ಮೊದಲು ನಾನೇ ಎದ್ದು ಹೋಗಿ ಇನ್ನೊಮ್ಮೆ ಮಾಡಿ ನೋಡುವುದು. ಹತ್ತರಲ್ಲಿ ಒಂಬತ್ತು ಸಲ ಮಗುವಿನದೇ ತಪ್ಪು ಇರುತ್ತಿತ್ತು. ಆದರೆ ಆ ಹತ್ತನೆಯದಕ್ಕಾಗಿ ಎದ್ದು ಹೋಗಲೇಬೇಕು.

ಡೋಲೊಮೈಟ್ ಇನ್ನೂ ವಿಜ್ಞಾನಿಗಳನ್ನು ಕಾಡುತ್ತಲೇ ಇದೆ. ಬೆಟ್ಟಬೆಟ್ಟವೇ ಅದರಿಂದ ಆಗಿದ್ದರೂ, ಸಾಮಾನ್ಯ ಉಷ್ಣತೆಯಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಎರಡು ಶತಮಾನ ಪ್ರಯತ್ನಿಸಿದರೂ ಸುಲಭವಾಗಿ ಕೈಗೂಡಲಿಲ್ಲ. 2023ರಲ್ಲಿ ಅಮೆರಿಕದ ಮಿಷಿಗನ್ ಮತ್ತು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ದಾರಿ ತೋರಿಸಿದರು. ಹರಳು ಬೆಳೆಯುವಾಗ ತಪ್ಪಾಗಿ ಜೋಡಿಕೊಂಡ ಭಾಗ ಆಗಾಗ ಸ್ವಲ್ಪ ಕರಗಿ ಹೋದರೆ ಮುಂದಿನ ಪದರ ಸರಿಯಾಗಿ ಕೂರುತ್ತದಂತೆ. ಇದನ್ನು ಓದಿದಾಗ ನಾನು ಮಾಸ್ತರಿಕೆ ಕಲಿತ ರೀತಿಯೂ ಇದೇ ಅಲ್ಲವೇ ಎನ್ನಿಸಿ ನಗು ಬಂತು.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗ ಅವನಿಗೂ ಐವತ್ತು ದಾಟಿರಬೇಕು, ಅವನ ಮಕ್ಕಳೂ ಕಲಿತು ದೊಡ್ಡವರಾಗಿರಬೇಕು. ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಬರುತ್ತಾರೆಂದು ಕೇಳಿದ್ದೇನೆ. ಈ ಲೇಖನ ಅವನ ಕಣ್ಣಿಗೆ ಬಿದ್ದರೆ ತನ್ನದೇ ಎಂದು ಗುರುತಿಸುತ್ತಾನೆ. ಅಪ್ಪಾ, ಅವತ್ತು ನಿನ್ನ ಉತ್ತರ ಸರಿಯಾಗಿತ್ತು, ನನ್ನ ಕೆಂಪು ಗುರುತು ತಪ್ಪಾಗಿತ್ತು. ಸಮಾರಂಭದ ದಿನ ನಾನು ವಿಜ್ಞಾನ ಪ್ರಯೋಗಶಾಲೆಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಬಂದು ಭೇಟಿಯಾಗು.